ಕಂಪ್ಯೂಟರ್ ಪಿರಿಯಡ್ಡಿಗಾಗಿ ದುಖಾನ್‌ವರೆಗೆ

ಹನ್ನೊಂದನೆಯ ತರಗತಿಯ ಮೊದಲ ವಾರ ನಾನು ಡೈರಿಯಲ್ಲಿ ಮೂರು ಕಾಲಂ ಎಳೆದಿದ್ದೆ: ಬೇಕಾದ ವಿಷಯ, ಸಿಕ್ಕ ವಿಷಯ, ಕಾರಣ. ಇಂಗ್ಲಿಷ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಐದರಲ್ಲೂ ಬೇಕಾದದ್ದೇ ಸಿಕ್ಕಿತ್ತು. ಆರನೆಯ ಸಾಲಿನಲ್ಲಿ ಬೇಕಾದದ್ದು ಕಂಪ್ಯೂಟರ್ ಸೈನ್ಸ್, ಸಿಕ್ಕಿದ್ದು ದೈಹಿಕ ಶಿಕ್ಷಣ. ಕಾರಣದ ಕಾಲಂ ಸಾಲದೆ ಪುಟದ ಹಿಂಬದಿಗೆ ಹೋಗಬೇಕಾಯಿತು.

ದೈಹಿಕ ಶಿಕ್ಷಣದ ಮೇಲೆ ನನಗೆ ದ್ವೇಷವಿಲ್ಲ. ಅದಕ್ಕೇ ನನ್ನನ್ನು ಕಂಡರಾಗದು. ಮೊದಲ ತರಗತಿಯಲ್ಲೇ ಗುಂಡು ಎಸೆಯಲು ಹೇಳಿದರು. ನಾನು ಎಸೆದೆ. ಎಲ್ಲರೂ ಮುಂದೆ ಹುಡುಕಿದರು, ಗುಂಡು ನನ್ನ ಹಿಂದೆ ಬಿದ್ದಿತ್ತು. ಓಟದಲ್ಲಿ ನನಗಿಂತ ಹಿಂದೆ ಒಬ್ಬಳೇ ಇದ್ದಳು. ಅವಳು ಶೂ ಲೇಸ್ ಕಟ್ಟಿಕೊಳ್ಳಲು ಕೂತವಳು, ಕಟ್ಟಿ ಮುಗಿಸಿ ಎದ್ದು ನನ್ನನ್ನು ದಾಟಿ ಹೋದಳು. ತರಗತಿಯ ಮೇಷ್ಟ್ರು ಸಂಭಾವಿತರು. ನನ್ನ ಹೆಸರಿನ ಮುಂದೆ ಏನು ಬರೆಯುವುದೆಂದು ತಿಳಿಯದೆ ‘ಉತ್ಸಾಹವಿದೆ’ ಎಂದು ಬರೆದರು.

ತಮಾಷೆ ಅಲ್ಲಿಗೆ ನಿಲ್ಲುತ್ತಿತ್ತು, ಆದರೆ ನನಗೆ ಒಂದು ಕಾಲೇಜು ಬೇಕಿತ್ತು. ಬೆಂಗಳೂರಿನ ಆ ಕಾಲೇಜಿನಲ್ಲಿ ಜೀವಶಾಸ್ತ್ರ ಮತ್ತು ಕಂಪ್ಯೂಟರ್ ಎರಡನ್ನೂ ಸೇರಿಸಿ ಕಲಿಸುವ ನಾಲ್ಕು ವರ್ಷದ ಪದವಿಯಿದೆ. ಒಂಬತ್ತನೆಯ ತರಗತಿಯಿಂದ ನಾನು ಅದರ ಪುಟವನ್ನು ತಿಂಗಳಿಗೊಮ್ಮೆ ತೆರೆದು, ಏನಾದರೂ ಬದಲಾಗಿದೆಯೇ ಎಂದು ನೋಡುತ್ತಿದ್ದೆ. ಏನೂ ಬದಲಾಗುತ್ತಿರಲಿಲ್ಲ. ಗಣಿತ, ಜೀವಶಾಸ್ತ್ರ, ಕಂಪ್ಯೂಟರ್ ಮೂರನ್ನೂ ಎರಡು ವರ್ಷ ಓದಿರಲೇಬೇಕು. ಗುಂಡು ಎಸೆತದ ಪ್ರಸ್ತಾಪ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಕಾರಣ ಇಷ್ಟೇ. ನಮ್ಮ ಶಾಲೆ ದೋಹಾದ ಹಲವು ಭಾರತೀಯ ಶಾಲೆಗಳಂತೆ ಎರಡು ಶಿಫ್ಟಿನಲ್ಲಿ ನಡೆಯುತ್ತಿತ್ತು. ಬೆಳಗ್ಗೆ ನಾವು, ಮಧ್ಯಾಹ್ನ ಬೇರೆ ಮಕ್ಕಳು. ಒಂದು ಗಂಟೆಗೆ ನಮ್ಮ ಬಸ್ಸುಗಳು ಹೊರಗೆ ಹೋಗುವಾಗ ಅವರ ಬಸ್ಸುಗಳು ಒಳಗೆ ಬರುತ್ತಿದ್ದವು. ಆಮೇಲೆ ಕೋಣೆ, ಬೆಂಚು, ಲ್ಯಾಬು ಎಲ್ಲವೂ ಅವರದೇ. ದೊಡ್ಡ ತರಗತಿಗಳಿಗೆ ಕಂಪ್ಯೂಟರ್ ಕಲಿಸುವವರು ಒಬ್ಬರೇ ಮೇಡಂ, ಇರುವುದು ಒಂದೇ ಲ್ಯಾಬು, ಅದರಲ್ಲಿ ಮೂವತ್ತು ಕುರ್ಚಿ. ಕಂಪ್ಯೂಟರ್ ಪಿರಿಯಡ್ ದಿನಕ್ಕೆ ಎರಡು ಸಲ ಬರುತ್ತಿತ್ತು. ಮೊದಲನೆಯದು ಜೀವಶಾಸ್ತ್ರ ನಡೆಯುವ ಹೊತ್ತಿಗೇ, ಆದ್ದರಿಂದ ಅದು ನನ್ನ ಪಾಲಿಗೆ ಇಲ್ಲದಂತೆ. ಎರಡನೆಯದರಲ್ಲಿ ಮೂವತ್ತು ಕುರ್ಚಿಗೂ ಜನ ಬಂದು ಕೂತಾಗಿತ್ತು. ಮಿಕ್ಕವರಿಗೆ ಮೈದಾನ.

ವೈಸ್ ಪ್ರಿನ್ಸಿಪಾಲರ ಕೋಣೆಯ ಗೋಡೆಯ ಮೇಲೆ ಇಡೀ ಶಾಲೆಯ ಟೈಮ್‌ಟೇಬಲ್ ಬಣ್ಣಬಣ್ಣದ ಚೀಟಿಗಳಲ್ಲಿ ಅಂಟಿಕೊಂಡಿತ್ತು. ಅವರು ಕೇರಳದವರು, ಸದಾ ಶಾಂತರು, ಆ ಗೋಡೆಯ ವಿಷಯ ಬಂದಾಗ ಮಾತ್ರ ಸ್ವಲ್ಪ ಕಂಪಿಸುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ನಾನು ಅವರ ಬಳಿ ನಾಲ್ಕು ಸಲ ಹೋದೆ. ಮೊದಲ ಸಲ ನೀಲಿ ಚೀಟಿಯನ್ನು ಹಳದಿ ಚೀಟಿಯ ಜಾಗಕ್ಕೆ ಹಾಕಿದರೆ ಹೇಗೆ ಎಂದು ಕೇಳಿದೆ. ಹಾಗೆ ಮಾಡಿದರೆ ಅರೇಬಿಕ್ ಮೇಷ್ಟ್ರು ಒಂದೇ ಹೊತ್ತಿಗೆ ಎರಡು ಮಹಡಿಯಲ್ಲಿ ಇರಬೇಕಾಗುತ್ತದೆ ಎಂದರು. ಎರಡನೆಯ ಸಲ ಮನೆಯಿಂದ ಕುರ್ಚಿ ತರುತ್ತೇನೆ ಎಂದೆ. ಕುರ್ಚಿಯ ಪ್ರಶ್ನೆಯಲ್ಲ, ಕಂಪ್ಯೂಟರಿನ ಪ್ರಶ್ನೆ ಎಂದರು. ಮೂರನೆಯ ಸಲ ಕಂಪ್ಯೂಟರನ್ನೂ ತರುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಾಲ್ಕನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಒಂದು ಫಾರಂ ಕೊಟ್ಟರು.

ಅದು ಅದಲುಬದಲಿನ ಫಾರಂ. ಆರನೆಯ ವಿಷಯದಲ್ಲಿ ಕಂಪ್ಯೂಟರ್ ಇರುವ ಒಬ್ಬರು ಮೈದಾನಕ್ಕೆ ಹೋಗಲು ಒಪ್ಪಿದರೆ ನಾನು ಆ ಕುರ್ಚಿಗೆ ಹೋಗಬಹುದು. ಇಬ್ಬರ ಅಪ್ಪಂದಿರ ಸಹಿಯೂ ಬೇಕು. ತಿಂಗಳ ಕೊನೆಯ ಭಾನುವಾರ ಬೆಳಗ್ಗೆ, ಇಲ್ಲಿ ಶುಕ್ರವಾರ ಶನಿವಾರದ ರಜೆ ಕಳೆದು ಶಾಲೆ ತೆರೆಯುವ ದಿನ, ಪಟ್ಟಿ ಅಂತಿಮವಾಗುತ್ತದೆ. ಆಮೇಲೆ ಖಲಾಸ್ ಎಂದರು. ಅವರ ಬಾಯಿಂದ ನಾನು ಕೇಳಿದ ಏಕೈಕ ಅರಬ್ಬಿ ಪದ ಅದು.

ಆ ಮೂವತ್ತು ಜನರ ಬಳಿಯೂ ನಾನು ಹೋದೆ. ಇಪ್ಪತ್ತೆಂಟು ಜನ ಆಗಲ್ಲ ಎಂದರು. ಒಬ್ಬಳು ಯೋಚಿಸಿ ಹೇಳುತ್ತೇನೆ ಎಂದಳು, ಇನ್ನೂ ಯೋಚಿಸುತ್ತಿರಬೇಕು. ಉಳಿದವನು ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ನಾನು ಪ್ರಶ್ನೆ ಮುಗಿಸುವಷ್ಟರಲ್ಲಿ ಅವನು ಫಾರಮ್ಮಿನಲ್ಲಿ ತನ್ನ ಹೆಸರು ಬರೆದಾಗಿತ್ತು. ಬರೆದ ಮೇಲೆ ಮುಖ ಸಣ್ಣದು ಮಾಡಿಕೊಂಡ. ಅವನನ್ನು ಕಂಪ್ಯೂಟರಿಗೆ ಸೇರಿಸಿದ್ದು ಅವನಪ್ಪ. ಅಪ್ಪ ದೋಹಾದಿಂದ ಒಂದು ಗಂಟೆ ದಾರಿಯ ದುಖಾನ್‌ನ ಎಣ್ಣೆ ಬಾವಿಗಳ ಕಂಪನಿಯಲ್ಲಿ ಎಂಜಿನಿಯರ್, ಅಲ್ಲೇ ಕಂಪನಿ ಮನೆ. ಅಮ್ಮ ಮತ್ತು ಇವನು ಶಾಲೆಗಾಗಿ ದೋಹಾದಲ್ಲಿ ಒಂದು ಸಣ್ಣ ಫ್ಲ್ಯಾಟಿನಲ್ಲಿ. ಗುರುವಾರ ಸಂಜೆ ದುಖಾನ್‌ಗೆ ಹೋಗಿ ಶನಿವಾರ ರಾತ್ರಿ ವಾಪಸ್.

ಸಹಿ ಕೇಳುವ ಧೈರ್ಯ ಅವನಿಗಿರಲಿಲ್ಲ. ಪೆನಾಲ್ಟಿ ಒದೆಯುವವನ ಎದುರು ನಿಲ್ಲುವ ಹುಡುಗ ಅಪ್ಪನ ಎದುರು ನಿಲ್ಲಲಾರನಂತೆ. ನಿಮ್ಮಪ್ಪನೇ ಬಂದು ಮಾತಾಡಲಿ, ಆದರೆ ಫೋನಿನಲ್ಲಿ ವಿಷಯ ಹೇಳಬಾರದು, ಫೋನಿನಲ್ಲಿ ನಮ್ಮಪ್ಪ ಎಲ್ಲದಕ್ಕೂ ಇಲ್ಲ ಅಂತಾರೆ ಎಂದ. ಈ ಷರತ್ತಿನಿಂದಲೇ ಮುಂದಿನದೆಲ್ಲ ಆದದ್ದು.

ನಮ್ಮಪ್ಪ ಮೈಸೂರಿನವರು, ಲುಸೈಲ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾರೆ. ಗೊತ್ತಿಲ್ಲದವರಿಗೆ ಫೋನ್ ಮಾಡುವ ಮೊದಲು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುವವರು. ಬುಧವಾರ ಸಂಜೆ, ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂತು ಅವರು ಹೇಳಿದ ಮಾತನ್ನು ನಾನು ಆಗಲೇ ಬರೆದುಕೊಂಡಿದ್ದೆ. “ನಮಸ್ಕಾರ ಸರ್. ನನ್ನ ಪರಿಚಯ ನಿಮಗಿಲ್ಲ. ಮಕ್ಕಳ ಭವಿಷ್ಯದ ಬಗ್ಗೆ ಒಂದು ಸಣ್ಣ ವಿಷಯ ಇತ್ತು. ಫೋನಲ್ಲಿ ಬೇಡ, ಶುಕ್ರವಾರ ಮನೆಗೇ ಬಂದು ವಿವರವಾಗಿ ಹೇಳ್ತೀನಿ. ಹೆಚ್ಚೇನಿಲ್ಲ, ಕೊನೆಗೆ ನಿಮ್ಮದೊಂದು ಸಹಿ ಆದರೆ ಸಾಕು.”

ಗಲ್ಫಿನಲ್ಲಿರುವ ಕನ್ನಡದವರಿಗೆ ಇದಕ್ಕಿಂತ ಹೆದರಿಕೆಯ ಮಾತು ಇನ್ನೊಂದಿಲ್ಲ. ಪರಿಚಯವಿಲ್ಲದ ಊರಿನವರೊಬ್ಬರು ಶುಕ್ರವಾರ ಮನೆಗೆ ಬಂದು ಮಕ್ಕಳ ಭವಿಷ್ಯದ ಬಗ್ಗೆ ಮಾತಾಡಿ ಸಹಿ ಕೇಳಿದರೆ ಅದು ವಿಮೆ, ಅಲ್ಲದಿದ್ದರೆ ದೇವನಹಳ್ಳಿಯ ಸೈಟು, ಅದೂ ಅಲ್ಲದಿದ್ದರೆ ನಿಮ್ಮ ಕೆಳಗೆ ಆರು ಜನರನ್ನು ಸೇರಿಸುವ ಸೋಪಿನ ವ್ಯಾಪಾರ. ನಮ್ಮ ಮನೆಗೂ ಅಂಥವರು ಬಂದಿದ್ದರು. ಅಪ್ಪನಿಗೆ ಮಾತ್ರ ತಾವು ಅವರ ಹಾಗೆಯೇ ಮಾತಾಡಿದ್ದೇವೆ ಎಂದು ಹೊಳೆಯಲಿಲ್ಲ. ಆ ಕಡೆಯವರು ಆಯಿತು ಬನ್ನಿ ಎಂದಷ್ಟೇ ಹೇಳಿ ಫೋನ್ ಇಟ್ಟರಂತೆ. ಎಷ್ಟು ಗಂಭೀರ ಮನುಷ್ಯ ಎಂದು ಅಪ್ಪ ಮೆಚ್ಚಿಕೊಂಡರು.

ಶುಕ್ರವಾರ ಬೆಳಗ್ಗೆ ಹೊರಟೆವು. ಅಮ್ಮ ಮೈಸೂರ್ ಪಾಕ್ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಮುಂದೆ, ನಾನು ಅಪ್ಪ ಆಗಲೇ ಸಹಿ ಹಾಕಿದ್ದ ಫಾರಮ್ಮನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಹಿಂದೆ. ಕಾಲೇಜಿನ ಪುಟದ ಪ್ರಿಂಟು, ಟೈಮ್‌ಟೇಬಲ್‌ನ ನಕಲು, ಅಕಸ್ಮಾತ್ ಯಾರಾದರೂ ಕೇಳಿದರೆ ಇರಲಿ ಎಂದು ನನ್ನ ಹತ್ತನೆಯ ತರಗತಿಯ ಅಂಕಪಟ್ಟಿ, ಇವೆಲ್ಲ ಒಂದು ಕಪ್ಪು ಫೈಲಿನಲ್ಲಿ. ಅಪ್ಪ ಟೈ ಕಟ್ಟಿದ್ದರು. ರಸ್ತೆಯ ಎರಡೂ ಬದಿ ಬಟಾಬಯಲು. ನಡುದಾರಿಯ ಪೆಟ್ರೋಲ್ ಬಂಕಿನಲ್ಲಿ ಕರಕ್ ಚಹಾ ಕುಡಿಯುವಾಗ ಅಮ್ಮ, ನೀವು ಹೋದ ಕೂಡಲೇ ವಿಷಯ ಎತ್ತಬೇಡಿ, ಅದು ಚೆನ್ನಾಗಿ ಕಾಣಲ್ಲ ಎಂದರು. ನಮ್ಮ ಕಡೆ ಹಾಗೆಯೇ. ಕೆಲಸವಿದ್ದು ಹೋದವರು ಕೆಲಸವಿಲ್ಲದವರ ಹಾಗೆ ಕೂತು, ತಿಂಡಿ ಮುಗಿದು ಕಾಫಿ ಬಂದ ಮೇಲೆ, ಈಗಷ್ಟೇ ನೆನಪಾದ ಹಾಗೆ ಹೇಳಬೇಕು.

ಕಾಲೊನಿಯ ಗೇಟಿನಲ್ಲಿ ಕಾವಲಿನವನು ಯಾಕೆ ಬಂದಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ. ಮಕ್ಕಳ ಭವಿಷ್ಯ ಎಂದರು ಅಪ್ಪ. ಅವನು ಟೈ ನೋಡಿದ, ಫೈಲು ನೋಡಿದ, ಒಳಗೆ ಫೋನ್ ಮಾಡಿ ಏನೋ ಹೇಳಿ ನಕ್ಕ.

ಗೋಲ್‌ಕೀಪರನ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಎತ್ತರದ ಆಳು, ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು, ಮನೆಯಲ್ಲಿ ಕೊಂಕಣಿ ಮಾತಾಡುವವರು. ನಮ್ಮ ಜೊತೆ ಅವರ ಊರಿನ ಕನ್ನಡ. “ಕೂತ್ಕೊಳ್ಳಿ. ಮುಂಚೆಯೇ ಹೇಳಿಬಿಡ್ತೇನೆ ಮಾರಾಯ್ರೆ, ನಾನು ಈಗ ಹೊಸತು ಎಂತದೂ ಮಾಡುದಿಲ್ಲ. ಇದ್ದದ್ದೇ ಸಾಕಾಗಿದೆ.”

ಇದೇನೋ ಜೀವನದ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡು ಅಪ್ಪ, ನಿಜ ಸರ್, ನನ್ನ ಅಭಿಪ್ರಾಯವೂ ಅದೇ ಎಂದರು.

ಆಂಟಿ ನೀರುದೋಸೆ ತಂದಿಟ್ಟರು. ನಾವು ಮೀನು ತಿನ್ನುವುದಿಲ್ಲ ಎಂದು ಮಗ ಹೇಳಿದ್ದನಂತೆ. ಮನೆಯಲ್ಲಿ ಅವನು ಬಾಯಿಬಿಟ್ಟದ್ದು ಅದೊಂದೇ. ಈಗ ಅವನು ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು, ಚೆಂಡು ಯಾವ ಕಡೆಯಿಂದ ಬರುತ್ತದೋ ಎಂಬಂತೆ ನಿಂತಿದ್ದ. ಅಪ್ಪ ಸಂಪ್ರದಾಯದಂತೆ ದೂರದಿಂದ ಶುರು ಮಾಡಿದರು. ಸೆಕೆಯ ಬಗ್ಗೆ ಹೇಳಿದರು. ದುಖಾನ್‌ನ ಗಾಳಿ ದೋಹಾದ ಗಾಳಿಗಿಂತ ಒಳ್ಳೆಯದು ಎಂದರು. ಮಗನ ವಯಸ್ಸು ಕೇಳಿದರು.

“ಹದಿನಾರು,” ಎಂದರು ಅಂಕಲ್, ತಪ್ಪೊಪ್ಪಿಗೆ ಕೊಡುವ ಹಾಗೆ.

“ಬಹಳ ಒಳ್ಳೆ ವಯಸ್ಸು ಸರ್. ಈ ವಯಸ್ಸಲ್ಲಿ ಒಂದು ಸರಿಯಾದ ತೀರ್ಮಾನ ತಗೊಂಡ್ರೆ ಮುಂದೆ ಇಪ್ಪತ್ತು ವರ್ಷ ಯೋಚನೆ ಇಲ್ಲ. ಈಗ ಹಾಕಿದ್ದು ನಾಲ್ಕು ಪಟ್ಟಾಗಿ ವಾಪಸ್ ಬರುತ್ತೆ.”

ಅಂಕಲ್ ಆಂಟಿಯನ್ನು ನೋಡಿದರು. ಆಂಟಿ ಒಳಗೆ ಹೋದರು. ಅಪ್ಪ ಶ್ರಮದ ಬಗ್ಗೆ ಹೇಳುತ್ತಿದ್ದರು. ನನಗೆ ಅರ್ಥವಾಗಿತ್ತು, ಏಕೆಂದರೆ ಅದೇ ಭಾಷಣವನ್ನು ನನಗೆ ಪ್ರತಿ ಪರೀಕ್ಷೆಯ ಮುಂಚೆ ಕೊಡುತ್ತಾರೆ. ನಾನು ಫೈಲು ತೆರೆದು ಫಾರಂ ಕೊಟ್ಟುಬಿಡೋಣ ಎಂದು ಮುಂದೆ ಬಾಗಿದೆ. ಕಾಫಿ ಇನ್ನೂ ಬಂದಿಲ್ಲ ಎಂದು ಅಮ್ಮ ನನ್ನ ಮೊಣಕೈ ಅದುಮಿದರು. ಅಪ್ಪ ಮುಂದುವರಿದು, ತಂದೆತಾಯಿ ಇರುವಾಗಲೇ ವ್ಯವಸ್ಥೆ ಮಾಡಿಟ್ಟರೆ ಮಕ್ಕಳು ಆಮೇಲೆ ನೆನೆಯುತ್ತಾರೆ ಎಂದರು. ಅಂಕಲ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ತಮಗೆ ಈಗಾಗಲೇ ಎರಡು ಇವೆ, ಒಂದು ತಮ್ಮ ಭಾವ ಮಾಡಿಸಿದ್ದು, ಇನ್ನೊಂದು ಬ್ಯಾಂಕಿನವರು ಮಾಡಿಸಿದ್ದು ಎಂದರು. ಇಬ್ಬರು ಮಕ್ಕಳ ವಿಷಯ ಹೇಳುತ್ತಿದ್ದಾರೆ ಎಂದುಕೊಂಡ ಅಪ್ಪ ಗೊಂದಲಗೊಂಡು ನನ್ನ ಕಡೆ ನೋಡಿದರು.

ಕೊನೆಗೆ ಕಾಫಿ ಬಂತು. ಅಪ್ಪ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅಂಕಲ್ ತಡೆಯಲಾರದೆ ಕೇಳಿಬಿಟ್ಟರು.

“ಇರ್ಲಿ ಮಾರಾಯ್ರೆ. ಪ್ರೀಮಿಯಂ ಎಷ್ಟು?”

“ಯಾವ ಪ್ರೀಮಿಯಂ ಸರ್?”

“ನೀವು ಎಂತ ತಂದಿದ್ದೀರಿ ಹಾಗಾದ್ರೆ?”

“ಮೈಸೂರ್ ಪಾಕ್,” ಎಂದರು ನಮ್ಮಪ್ಪ.

ನಾನು ಅಮ್ಮನ ಕೈ ಬಿಡಿಸಿಕೊಂಡು, ಅಂಕಲ್, ಇದು ಶಾಲೆಯ ವಿಷಯ, ನಿಮ್ಮ ಮಗ ಮತ್ತು ನಾನು ಒಂದು ಪಿರಿಯಡ್ ಅದಲುಬದಲು ಮಾಡಿಕೊಳ್ಳಬೇಕು, ಅದಕ್ಕೆ ಸಹಿ ಎಂದೆ. ಅಂಕಲ್ ಮುಖದಲ್ಲಿ ಆದ ಬದಲಾವಣೆಯನ್ನು ಹೇಗೆ ಬರೆಯುವುದೋ ತಿಳಿಯದು. ಎರಡು ದಿನದಿಂದ ಹಲ್ಲುನೋವಿದ್ದವನಿಗೆ ಅದು ತಟಕ್ಕನೆ ನಿಂತ ಹಾಗೆ. ಅಷ್ಟೆಯಾ, ಅಷ್ಟೆಯಾ ಎನ್ನುತ್ತ ಜೇಬಿನಿಂದ ಪೆನ್ನು ತೆಗೆದು, ಫಾರಂ ಎಳೆದುಕೊಂಡು, ಒಂದು ಅಕ್ಷರ ಓದದೆ ಸಹಿ ಹಾಕಿದರು. ಆಂಟಿಯನ್ನು ಕೂಗಿ ಇನ್ನಷ್ಟು ದೋಸೆ ತರಲು ಹೇಳಿದರು. ಪ್ರೀತಿಯಿಂದ ಅಪ್ಪನ ಬೆನ್ನು ತಟ್ಟಿದರು.

ನಾನು ಫಾರಂಗೆ ಕೈ ಚಾಚಿದೆ. ಆಗ ಅವರು ಅದನ್ನು ಓದಿದರು. ಅಂಗೈಯನ್ನು ಅದರ ಮೇಲೆ ಇಟ್ಟರು.

“ಕಂಪ್ಯೂಟರ್ ಬಿಟ್ಟು ಇವ ಎಂತ ಮಾಡುದು? ಡ್ರಿಲ್ಲಾ?”

ಡ್ರಿಲ್ ಅಲ್ಲ, ಈಗ ಅದಕ್ಕೂ ಪುಸ್ತಕ ಇದೆ, ಬೋರ್ಡ್ ಪರೀಕ್ಷೆ ಇದೆ ಎಂದು ನಾನು ಹೇಳಿದೆ. ಕಾಲೇಜಿನ ಪುಟ ತೋರಿಸಿದೆ, ಭಾನುವಾರದ ಗಡುವು ಹೇಳಿದೆ. ಇದೊಂದು ಕುರ್ಚಿ ಸಿಗದಿದ್ದರೆ ನಾನು ಅರ್ಜಿ ಹಾಕುವಂತೆಯೂ ಇಲ್ಲ ಎಂದೆ. ಅವರು ತಾಳ್ಮೆಯಿಂದ ಕೇಳಿದರು. ಕೈ ಮಾತ್ರ ಎತ್ತಲಿಲ್ಲ. ನಿನ್ನ ಕಷ್ಟ ಅರ್ಥ ಆಗ್ತದೆ ಮಗಾ, ಆದರೆ ನಿನಗೆ ಕಾಲೇಜು ಬೇಕೆಂದು ನನ್ನ ಮಗ ಚೆಂಡು ಹೆಕ್ಕಬೇಕೋ ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅಪ್ಪ ಟೈ ಸಡಿಲ ಮಾಡಿಕೊಂಡರು. ಅಮ್ಮ ಡಬ್ಬಿಯ ಮುಚ್ಚಳ ನೋಡುತ್ತ ಕೂತರು. ಭಾನುವಾರದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗುಂಡು ಎಸೆತ ಶಾಶ್ವತವಾಗಿ ಬೀಳುವುದು ನನಗೆ ಕಂಡೇಬಿಟ್ಟಿತು.

ಆಗ ಗೋಲ್‌ಕೀಪರ್ ಬಾಗಿಲು ಬಿಟ್ಟು ಮುಂದೆ ಬಂದ. ಅಪ್ಪನ ಹತ್ತಿರ ಅವನು ಕೊಂಕಣಿಯಲ್ಲೇ ಮಾತಾಡುವವನು. ಆ ದಿನ ನಮಗೂ ತಿಳಿಯಲಿ ಎಂದೋ, ಕೊಂಕಣಿಯಲ್ಲಾದರೆ ಬೈಗುಳ ಬೇಗ ಬರುತ್ತದೆ ಎಂದೋ, ಕನ್ನಡದಲ್ಲೇ ಶುರು ಮಾಡಿದ.

“ಡ್ಯಾಡಿ, ಲ್ಯಾಬಲ್ಲಿ ಎಲ್ಲರ ಪ್ರೋಗ್ರಾಮ್ ರನ್ ಆಗ್ತದೆ. ನನ್ನದರಲ್ಲಿ ಫ್ಯಾನ್ ಮಾತ್ರ ತಿರುಗ್ತದೆ.”

“ಕಲಿತ್ರೆ ಬರ್ತದೆ.”

“ಟ್ಯೂಷನ್‌ಗೂ ಹೋದೆ ಅಲ್ವಾ ಹೋದ ವರ್ಷ? ಸರ್ ನಿಲ್ಲಿಸಿ ಊರಿಗೆ ಹೋದ್ರು.”

“ಅವರ ಮದುವೆ ಇತ್ತು.”

“ಮದುವೆ ಆಗಿ ಬಂದ್ರು ಡ್ಯಾಡಿ. ನನ್ನನ್ನು ಮಾತ್ರ ವಾಪಸ್ ಕರೀಲಿಲ್ಲ.”

ಆಂಟಿಯ ಕೈಯಲ್ಲಿದ್ದ ದೋಸೆಯ ತಟ್ಟೆ ಅಲುಗಿತು. ಅವರು ನಗು ತಡೆಯುತ್ತಿದ್ದರು. ಹುಡುಗ ಆಮೇಲೆ ತನ್ನ ಲೆಕ್ಕ ಹೇಳಿದ. ಅವನಿಗೆ ಬೇಕಾದದ್ದು ಮಂಗಳೂರಿನಲ್ಲೇ ಬಿ.ಕಾಂ. ಆ ಕಾಲೇಜಿನವರು ನೋಡುವುದು ಒಟ್ಟು ಶೇಕಡಾ. ಕಂಪ್ಯೂಟರಿನಲ್ಲಿ ತಾನು ಪಾಸಾದರೆ ಅದೇ ದೊಡ್ಡದು, ಮೈದಾನದಲ್ಲಾದರೆ ತೊಂಬತ್ತರ ಮೇಲೆ. ಒಂದು ವಿಷಯ ಬದಲಾದರೆ ಒಟ್ಟು ಎಷ್ಟು ಏರುತ್ತದೆ ಎಂದು ಅವನು ಪೇಪರ್ ನ್ಯಾಪ್ಕಿನ್ ಮೇಲೆ ಬರೆದು ತೋರಿಸಿದ. ಗುಣಾಕಾರ ತಪ್ಪಿತ್ತು. ನಾನು ಸರಿಮಾಡಿ ಕೊಟ್ಟೆ. ಸರಿಮಾಡಿದಾಗ ಇನ್ನೂ ಹೆಚ್ಚು ಬಂತು. ಅಂಕಲ್ ಎಂಜಿನಿಯರ್ ತಾನೆ, ನ್ಯಾಪ್ಕಿನ್ನನ್ನು ಎರಡು ಸಲ ತಿರುವಿ ನೋಡಿದರು. ಅಂಗೈ ಫಾರಮ್ಮಿನ ಮೇಲಿಂದ ಒಂದಿಷ್ಟು ಸರಿಯಿತು. ಪೂರ್ತಿ ಅಲ್ಲ.

“ಆಯ್ತು,” ಎಂದರು ನಮ್ಮಪ್ಪನಿಗೆ. “ನೀವು ಹೇಳಿದ್ದು ನಾನು ಕೇಳಿದೆ. ಈಗ ನಾನು ಹೇಳಿದ್ದು ನೀವು ಕೇಳಬೇಕು.”

ಟಿವಿಯ ಕೆಳಗಿನ ಡ್ರಾಯರಿನಿಂದ ಒಂದು ಮಿರಮಿರ ಮಿಂಚುವ ಪುಸ್ತಿಕೆ ಹೊರಗೆ ಬಂತು. ಅವರ ಭಾವ, ಅಂದರೆ ಆ ಮೊದಲನೆಯ ವಿಮೆ ಮಾಡಿಸಿದವರೇ, ಸುರತ್ಕಲ್ ಕಡೆ ಫ್ಲ್ಯಾಟು ಕಟ್ಟಿಸುತ್ತಿದ್ದರು. ಬಾಲ್ಕನಿಯಲ್ಲಿ ಸ್ವಲ್ಪ ಬಗ್ಗಿದರೆ ಸಮುದ್ರ ಕಾಣುತ್ತದೆ. ನಿವೃತ್ತಿಯ ಮೇಲೆ ಮೈಸೂರಿನಲ್ಲಿ ಎಂತ ಉಂಟು, ಇಲ್ಲಿ ಗಾಳಿ ಉಂಟು, ಮೀನು ಉಂಟು ಎಂದರು. ನಾವು ಮೀನು ತಿನ್ನುವುದಿಲ್ಲ ಎಂದು ನೆನಪಾಗಿ, ಗಾಳಿ ಧಾರಾಳ ಉಂಟು ಎಂದು ತಿದ್ದಿಕೊಂಡರು. ನಮ್ಮಪ್ಪ ಮೂರು ನಮೂನೆಯ ನಕ್ಷೆ ನೋಡಿದರು. ಯಾವ ಕೋಣೆಗೆ ಬೆಳಗಿನ ಬಿಸಿಲು ಎಂದು ಕೇಳಿದರು. ನೋಡೋಣ ಸರ್ ಎಂದು ಅವರು ಹನ್ನೊಂದು ಸಲ ಹೇಳಿದ್ದಕ್ಕೆ ಡೈರಿಯಲ್ಲಿ ಗೆರೆಗಳಿವೆ. ಕೊನೆಗೆ ಅಂಕಲ್ ಒಂದು ಚೀಟಿ ಮುಂದಿಟ್ಟರು, ಬರೀ ಆಸಕ್ತಿ ಇದೆ ಅಂತ, ಬೇರೆ ಎಂತ ಇಲ್ಲ.

ಅಪ್ಪ ಆ ಚೀಟಿ ನೋಡಿದರು. ಆಮೇಲೆ ಅಂಗೈ ಕೆಳಗಿನ ಫಾರಂ ನೋಡಿದರು. ಆಮೇಲೆ ನನ್ನ ಮುಖ. ಲೆಕ್ಕಪತ್ರದವರು, ಓದದೆ ಯಾವುದಕ್ಕೂ ಸಹಿ ಮಾಡುವವರಲ್ಲ. ಚೀಟಿಯ ಸಣ್ಣ ಅಕ್ಷರಗಳನ್ನೆಲ್ಲ ಬೆರಳಿಟ್ಟು ಓದಿ, ಫೋನ್ ನಂಬರ್ ಬರೆದು, ಸಹಿ ಹಾಕಿದರು. ಅಂಕಲ್ ಕೈ ಎತ್ತಿದರು. ನಾನು ಫಾರಮ್ಮನ್ನು ಹೊದಿಕೆಗೆ ಹಾಕಿ, ಹೊದಿಕೆಯನ್ನು ಫೈಲಿಗೆ ಹಾಕಿ, ಫೈಲಿನ ಮೇಲೆ ಕೂತೆ.

ಭಾನುವಾರ ಮೊದಲ ಗಂಟೆಗೆ ಮುಂಚೆಯೇ ನಾನು ವೈಸ್ ಪ್ರಿನ್ಸಿಪಾಲರ ಬಾಗಿಲಲ್ಲಿದ್ದೆ. ಅವರು ಎರಡೂ ಸಹಿ ನೋಡಿ, ಇದಕ್ಕಾಗಿ ದುಖಾನ್‌ಗೆ ಹೋಗಿದ್ದಿರಾ ಎಂದು ಕೇಳಿದರು. ಹೌದು ಎಂದೆ. ಪಟ್ಟಿಯಲ್ಲಿ ಎರಡು ಹೆಸರು ಹೊಡೆದು, ಎರಡು ಹೆಸರು ಬರೆದರು. ಗೋಡೆಯ ಒಂದು ಚೀಟಿಯನ್ನೂ ಮುಟ್ಟಬೇಕಾಗಲಿಲ್ಲ ಎಂದು ಅವರಿಗೆ ನನಗಿಂತ ಹೆಚ್ಚು ಸಂತೋಷವಾಗಿತ್ತು.

ಎರಡು ವರ್ಷ ಆ ಕುರ್ಚಿಯಲ್ಲಿ ಕೂತೆ. ಮೊನ್ನೆ ಜೂನ್‌ನಲ್ಲಿ ಬೆಂಗಳೂರಿನ ಕಾಲೇಜಿನಿಂದ ಪತ್ರ ಬಂತು. ಸೀಟು ಕೊಟ್ಟಿದ್ದೇವೆ, ಬೇಕಾದ ವಿಷಯಗಳೆಲ್ಲ ಸರಿಯಾಗಿವೆ ಎಂದು ಅದರಲ್ಲಿತ್ತು. ಅಮ್ಮ ಓದಿ, ಕಣ್ಣೊರೆಸಿಕೊಂಡು, ಕಡಲೆಹಿಟ್ಟು ತರಲು ಅಪ್ಪನನ್ನು ಅಂಗಡಿಗೆ ಕಳಿಸಿದರು. ನಾನು ಮೊದಲು ಫೋನ್ ಮಾಡಿದ್ದು ಗೋಲ್‌ಕೀಪರನಿಗೆ. ಅವನಿಗೂ ಬಿ.ಕಾಂ ಸಿಕ್ಕಿತ್ತು. ಮೈದಾನದಲ್ಲಿ ತೊಂಬತ್ತಾರು ಬಂದಿತ್ತು.

“ಕಂಗ್ರಾಟ್ಸ್,” ಎಂದ. “ಇರು, ಡ್ಯಾಡಿ ಇಲ್ಲೇ ಇದ್ದಾರೆ, ಎಂತದೋ ಕೇಳ್ತಾ ಇದ್ದಾರೆ.” ಆ ಕಡೆ ಸ್ವಲ್ಪ ಹೊತ್ತು ಕೊಂಕಣಿ ನಡೆಯಿತು. “ನೀನು ಬೆಂಗಳೂರಲ್ಲಿ ಇದ್ರೆ ರಜೆಗೆ ಸುರತ್ಕಲ್ ಹತ್ತಿರ ಅಲ್ವಾ ಅಂತ. ಮೂರನೇ ಮಹಡಿಯಲ್ಲಿ ಒಂದು ಫ್ಲ್ಯಾಟ್ ಉಳಿದಿದೆಯಂತೆ. ನಿನ್ನ ಅಪ್ಪ ಇದ್ದಾರಾ ಅಂತ ಕೇಳ್ತಾರೆ.”

ಅಪ್ಪ ಕಡಲೆಹಿಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರಿಲ್ಲ, ಅಂಗಡಿಗೆ ಹೋಗಿದ್ದಾರೆ ಎಂದೆ.